ಜಾಗದಲ್ಲಿ ನಿಲ್ಲದ ಮಂಡಿಚಿಪ್ಪು

ಮೈಯಲ್ಲಿರುವ ಒಂದೇ ಒಂದು ಮೂಳೆ ನಮ್ಮ ಮಾತು ಕೇಳುವುದನ್ನು ನಿಲ್ಲಿಸಿದರೆ ಸಾಕು, ಆಮೇಲೆ ಊರಲ್ಲಿ ಯಾರೂ ನಮ್ಮ ಮಾತು ಕೇಳುವುದಿಲ್ಲ. ಎಲ್ಲರೂ ಹೇಳುವವರೇ. ಇದನ್ನು ನನಗೆ ಕಲಿಸಿದ್ದು ನನ್ನ ಬಲಗಾಲಿನ ಮಂಡಿಚಿಪ್ಪು.

ಯಲಹಂಕದ ಹಳೇ ಊರಿನ ಕಡೆ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಟೀಚರ್. ಕಾಲೇಜಿನಲ್ಲಿ ಖೋಖೋ ಆಡುವಾಗ ಮೊದಲ ಸಲ ಚಿಪ್ಪು ಹೊರಗಡೆಗೆ ಜರುಗಿತ್ತು. ಕಾಲು ನೀಟಿದ ಕೂಡಲೇ ಟಕ್ಕಂತ ವಾಪಸ್ ಬಂತು, ನಾನೂ ಮರೆತೆ. ಅದು ಮರೆಯಲಿಲ್ಲ. ಮೊದಮೊದಲು ವರ್ಷಕ್ಕೊಂದು ಸಲ ಜರುಗುತ್ತಿತ್ತು. ಆಮೇಲೆ ಆಟೋ ಹತ್ತುವಾಗ, ಮಗ್ಗುಲು ಬದಲಿಸುವಾಗ, ಒಮ್ಮೆ ದೇವಸ್ಥಾನದಲ್ಲಿ ಮೂರನೇ ಪ್ರದಕ್ಷಿಣೆಯ ತಿರುವಿನಲ್ಲಿ. ಮಕ್ಕಳಿಗೆ ಓಡಿ, ಹಾರಿ ಅನ್ನುವವಳು ನಾನು. ನಡೆಯುವಾಗ ಮಾತ್ರ ನೆಲ ನೋಡಿಕೊಂಡು, ಕಳ್ಳನ ಹಾಗೆ ಹೆಜ್ಜೆ ಇಡುತ್ತಿದ್ದೆ.

ಪೀಛೇ ಮುಡ್

ಜನವರಿಯಲ್ಲಿ ಗಣರಾಜ್ಯೋತ್ಸವದ ಪರೇಡಿಗೆ ತಾಲೀಮು ನಡೆದಿತ್ತು. ಅರವತ್ತು ಹುಡುಗಿಯರು ಸಾವಧಾನ್‌ನಲ್ಲಿ ನಿಂತಿದ್ದರು. ಹಿಂದಕ್ಕೆ ತಿರುಗುವುದು ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ನನ್ನನ್ನು ನೋಡಿ ಕಲೀರಿ ಅಂದು, "ಪೀಛೇ ಮುಡ್" ಅಂತ ನಾನೇ ಕೂಗಿ ನಾನೇ ತಿರುಗಿದೆ. ಮೈ ತಿರುಗಿತು, ಕಾಲೂ ತಿರುಗಿತು. ಚಿಪ್ಪು ಬರುವುದಿಲ್ಲ ಅಂದಿತು. ನಾನು ಮಂಡಿ ಹಿಡಿದುಕೊಂಡು ಮಣ್ಣಿಗೆ ಬಿದ್ದೆ.

ಅರವತ್ತು ಮಕ್ಕಳಲ್ಲಿ ಒಬ್ಬಳೂ ಅಲುಗಲಿಲ್ಲ. ತಪ್ಪು ಅವರದಲ್ಲ. ಮೂಗಿನ ಮೇಲೆ ಜೇನು ಕೂತರೂ ನಾನು ವಿಶ್ರಾಮ್ ಅನ್ನುವ ತನಕ ಯಾರೂ ಅಲುಗಬಾರದು ಅಂತ ಹಿಂದಿನ ದಿನವಷ್ಟೇ ಹೇಳಿದ್ದೆ. ನನಗೋ ನೋವಿಗೆ ಸ್ವರ ಹೊರಡುತ್ತಿಲ್ಲ. ಮಹಡಿಯ ವರಾಂಡದಲ್ಲಿ ನಿಂತಿದ್ದ ಹೆಡ್ಮಿಸ್, ಏನೋ ಹೊಸ ಆಸನ ಹೇಳಿಕೊಡುತ್ತಿದ್ದಾರೆ ಅಂದುಕೊಂಡು ಒಳಗೆ ಹೋದರಂತೆ. ಮುಂದಿನ ಸಾಲಿನ ಹುಡುಗಿಯೊಬ್ಬಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೆ ಕೈ ಎರಡೂ ತೊಡೆಗೆ ಅಂಟಿಕೊಂಡೇ ಇದ್ದವು.

ಕೊನೆಗೆ ನೆಲದಲ್ಲಿ ಬಿದ್ದಲ್ಲಿಂದಲೇ ಉಸಿರು ಕಟ್ಟಿ "ವಿಶ್ರಾಮ್" ಅಂದೆ. ಅರವತ್ತು ಎಡಗಾಲು ಒಂದೇ ಸದ್ದಿಗೆ ಪಕ್ಕಕ್ಕೆ ಬಂದವು, ಅರವತ್ತು ಜೊತೆ ಕೈ ಬೆನ್ನ ಹಿಂದೆ ಹೋದವು. ಆಮೇಲೆ ಎಲ್ಲರೂ ಓಡಿಬಂದರು. ಅಷ್ಟು ನೀಟಾಗಿ ಅವರು ಇಪ್ಪತ್ತಾರನೇ ತಾರೀಖೂ ಮಾಡಲಿಲ್ಲ.

ಹೆಡ್ಮಿಸ್ ಒಳ್ಳೆಯವರು, ಒಳ್ಳೆಯ ಮಾತಲ್ಲೇ ಹೇಳಿದರು. ಆಗಸ್ಟ್ ಹದಿನೈದರ ಪರೇಡ್ ಹೊತ್ತಿಗೆ ಕಾಲು ಸರಿಹೋಯಿತು ಅಂತ ಡಾಕ್ಟರ್ ಲೆಟರ್ ತಂದುಕೊಟ್ಟರೆ ಸರಿ, ಇಲ್ಲದಿದ್ದರೆ ಲೈಬ್ರರಿ ನೋಡ್ಕೊಳ್ಳಿ, ಕೂತು ಮಾಡೋ ಕೆಲಸ ಅಂತ. ನಮ್ಮ ಲೈಬ್ರರಿ ಅಂದರೆ ಎರಡು ಬೀರು ಮತ್ತು ಒಂದು ಕುರ್ಚಿ. ಬೀರುಗಳ ಬೀಗದ ಕೈ ಕಳೆದು ಎಷ್ಟೋ ಕಾಲವಾಗಿತ್ತು.

ಒಳಗೆ ಬಿಟ್ಟ ಬಟ್ಟೆ

ಹೆಬ್ಬಾಳದ ಕಡೆ ಒಂದು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರನ್ನು ನೋಡಲು ಹೋದೆವು. ಹೋದೆವು ಅಂದರೆ ನಾನು, ನಮ್ಮನೆಯವರು, ಜೊತೆಗೆ ನಮ್ಮತ್ತೆ. ಡಾಕ್ಟರ್ ಹತ್ತಿರ ನಾನು ಸರಿಯಾಗಿ ಹೇಳುವುದಿಲ್ಲ ಅಂತ ಅತ್ತೆಗೆ ಖಾತ್ರಿ. ಅವರು ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಹುಟ್ಟಿ ಬೆಳೆದವರು. ಈಗ ಅಲ್ಲೇ ಪಕ್ಕದ ಸಿಂಗಾಪುರ ಬಡಾವಣೆಯ ನಮ್ಮ ಮನೆಯಲ್ಲಿದ್ದಾರೆ, ಆದರೆ ಮಾತು ಇನ್ನೂ ಅಬ್ಬಿಗೆರೆಯಲ್ಲೇ ಇದೆ.

ಡಾಕ್ಟರ್ ಪ್ಲಾಸ್ಟಿಕ್ ಮಂಡಿ ಇಟ್ಟುಕೊಂಡು ವಿವರಿಸಿದರು. ಚಿಪ್ಪು ಹೊರಗೆ ಜಾರದ ಹಾಗೆ ಒಳಮಗ್ಗುಲಿಂದ ಒಂದು ಪಟ್ಟಿ ಹಿಡಿದುಕೊಂಡಿರುತ್ತೆ, ಅದಕ್ಕೆ ಲಿಗಮೆಂಟು ಅಂತಾರೆ. ನನ್ನದು ಮತ್ತೆಮತ್ತೆ ಹರಿದು ಜೋಲುಬಿದ್ದಿದೆ, ಅದನ್ನು ಹೊಲಿದರೆ ನಿಲ್ಲುವುದಿಲ್ಲ. ತೊಡೆಯ ಹಿಂಭಾಗದಿಂದ ಒಂದು ಹುರಿ ತೆಗೆದು, ಚಿಪ್ಪಿಗೂ ತೊಡೆಮೂಳೆಗೂ ಕೂರಿಸಿ ಹೊಸ ಲಿಗಮೆಂಟು ಮಾಡಬೇಕು. ನಮ್ಮನೆಯವರು ತಲೆಯಾಡಿಸಿದರು. ಅವರು ತಲೆಯಾಡಿಸಿದರೆ ಅರ್ಥವಾಗಿಲ್ಲ ಅಂತ ಲೆಕ್ಕ.

ಅತ್ತೆ ಮಾತ್ರ ಪ್ಲಾಸ್ಟಿಕ್ ಮಂಡಿಯನ್ನು ಈಸಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅಂದ್ರೆ ರವಿಕೆ ಕಂಕುಳಲ್ಲಿ ಅರಿದ್ರೆ, ಒಳಗೆ ಮಡಿಸಿರೋ ಬಟ್ಟೆ ತೆಗ್ದು ತೇಪೆ ಆಕೋ ಅಂಗೆ," ಅಂದರು.

ಡಾಕ್ಟರ್ ಮುಖ ಅರಳಿತು. ಇಷ್ಟು ವರ್ಷದಲ್ಲಿ ಇದನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ, ಇನ್ನುಮೇಲೆ ಬೇರೆ ಪೇಶೆಂಟುಗಳಿಗೂ ಹೀಗೇ ಹೇಳ್ತೀನಿ ಅಂದರು. ಅತ್ತೆ ಅಷ್ಟಕ್ಕೆ ಬಿಡಬೇಕಲ್ಲ. ತೆಗೆದ ಜಾಗ ಖಾಲಿ ಬಿದ್ದಿರುತ್ತಾ ಅಂತ ಕೇಳಿದರು. ಪಕ್ಕದ ಸ್ನಾಯುಗಳು ಆ ಕೆಲಸ ಮಾಡಿಕೊಳ್ಳುತ್ತವೆ ಅಂದರು ಡಾಕ್ಟರ್. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವ್ಳು ನೆಟ್ಟಗೆ ನಿಂತ್ಕೊಳ್ಳೋಳಲ್ಲ, ಇನ್ನೊಂದ್ ದಪ ಅರ್ಕೋತಾಳೆ. ಒಳಗೆ ಇನ್ನೆಷ್ಟು ಬಟ್ಟೆ ಬಿಟ್ಟವ್ರೆ, ಒಸಿ ನೋಡಿ ಏಳಪ್ಪ," ಅಂದರು.

ಇದಲ್ಲ

ಆಪರೇಷನ್ ದಿನ ಬೆಳಿಗ್ಗೆಯಿಂದ ಆಸ್ಪತ್ರೆಯವರು ನನ್ನನ್ನು ಕೇಳಿದ ಪ್ರಶ್ನೆ ಒಂದೇ: ಯಾವ ಕಾಲು? ಅಡ್ಮಿಷನ್ ಕೌಂಟರಿನವರು ಕೇಳಿದರು. ವಾರ್ಡಿನ ಸಿಸ್ಟರ್ ಕೇಳಿದರು. ಅವರ ಡ್ಯೂಟಿ ಮುಗಿದ ಮೇಲೆ ಬಂದ ಇನ್ನೊಬ್ಬ ಸಿಸ್ಟರ್ ಕೇಳಿದರು. ಅರಿವಳಿಕೆಯ ಡಾಕ್ಟರ್ ಕೇಳಿದರು. ಬಲ, ಬಲ, ಬಲ ಅಂದು ಅಂದು ಐದನೇ ಸಲದ ಹೊತ್ತಿಗೆ ನನಗೇ ಅನುಮಾನ ಬಂತು. ಮಕ್ಕಳಿಗೆ ಎಡ ಬಲ ಕಲಿಸುವವಳು ನಾನು. ಹೊದಿಕೆಯೊಳಗೆ ಕೈ ಹಾಕಿ ಮುಟ್ಟಿ ನೋಡಿಕೊಂಡೆ.

ಇದು ತಪ್ಪಾಗಬಾರದು ಅಂತ ಎಲ್ಲರನ್ನೂ ಕೇಳುವ ಪದ್ಧತಿ, ಒಳ್ಳೆಯದೇ ಅಂತ ಸಿಸ್ಟರ್ ವಿವರಿಸಿದರು. ಅವರು ವಿವರಿಸಿದ್ದು ನಮ್ಮನೆಯವರ ಎದುರಿಗೆ. ತಪ್ಪಾಗುವ ಸಾಧ್ಯತೆಯೂ ಇದೆ ಅನ್ನುವುದು ಅವರಿಗೆ ಹೊಳೆದದ್ದೇ ಆಗ. ಅಷ್ಟರಲ್ಲಿ ಡ್ಯೂಟಿ ಡಾಕ್ಟರ್ ಬಂದು ಅವರನ್ನೂ ಕೇಳಿದರು. ನಮ್ಮನೆಯವರು ನನ್ನ ಎದುರಿಗೆ ನಿಂತಿದ್ದರು. ತಮ್ಮ ಬಲಗೈ ಕಡೆ ಯಾವ ಕಾಲಿತ್ತೋ ಅದನ್ನೇ ತೋರಿಸಿದರು. ಮದುವೆಯಾಗಿ ಹನ್ನೊಂದು ವರ್ಷ. ನಾನು ಅವರನ್ನೇ ನೋಡುತ್ತಾ ಬಲ ಮಂಡಿ ತಟ್ಟಿ ತೋರಿಸಿದೆ. ಡಾಕ್ಟರ್ ಬಲ ಮಂಡಿಯ ಮೇಲೆ ಮಾರ್ಕರ್‌ನಲ್ಲಿ ದೊಡ್ಡ ಬಾಣ ಬರೆದು ಹೋದರು. ನಾನು ಔಷಧದ ಮಂಪರಿಗೆ ಸ್ವಲ್ಪ ಕಣ್ಣು ಮುಚ್ಚಿದೆ.

ಆಪರೇಷನ್ ಥಿಯೇಟರಿನಲ್ಲಿ ಹೊದಿಕೆ ಸರಿಸಿದ ಕೂಡಲೇ ಅಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಮಾಸ್ಕಿನೊಳಗೇ ನಗಲು ಶುರುಮಾಡಿದರು. ಏನಾಯಿತು ಅಂತ ತಲೆ ಎತ್ತಿ ನೋಡಿದೆ. ನನ್ನ ಎಡ ಮಂಡಿಯ ಮೇಲೆ ನೀಲಿ ಬಾಲ್ ಪೆನ್ನಿನಲ್ಲಿ, ನಮ್ಮನೆಯವರ ದುಂಡು ಅಕ್ಷರದಲ್ಲಿ, "ಇದಲ್ಲ" ಅಂತ ಬರೆದಿತ್ತು. ಕೆಳಗೆ ಒಂದು ಸಹಿ ಕೂಡ.

ಲೂಸು

ಬೆನ್ನಿಗೆ ಸೂಜಿ ಹಾಕಿ ಸೊಂಟದಿಂದ ಕೆಳಗೆ ಮರಗಟ್ಟಿಸಿದ್ದರು. ಎಚ್ಚರ ಇತ್ತು. ಎದೆಯ ಮುಂದೆ ಹಸಿರು ಪರದೆ, ಆ ಕಡೆಯಿಂದ ಡ್ರಿಲ್ ಸದ್ದು. ಮನೆಯಲ್ಲಿ ಗೋಡೆಗೆ ಶೆಲ್ಫ್ ಹಾಕಿಸುವಾಗ ಬಂದ ಸದ್ದೇ. ಕೊಂಚ ಹೊತ್ತು ಡಾಕ್ಟರುಗಳು ಹೆಬ್ಬಾಳ ಫ್ಲೈಓವರಿನ ಟ್ರಾಫಿಕ್ ಬಗ್ಗೆ ಬೈದುಕೊಂಡರು. ನನಗೂ ಸೇರಿಕೊಳ್ಳಬೇಕು ಅನ್ನಿಸಿತ್ತು, ತಡೆದುಕೊಂಡೆ.

ಹೊಸ ಹುರಿಯನ್ನು ಎಷ್ಟು ಬಿಗಿ ಮಾಡುತ್ತೇವೆ ಅನ್ನುವುದೇ ಮುಖ್ಯ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಜಾಸ್ತಿ ಬಿಗಿಯಾದರೆ ಮಂಡಿ ಮಡಚಲು ಬರದು, ಸಡಿಲವಾದರೆ ಚಿಪ್ಪು ಮತ್ತೆ ಓಡಾಡುತ್ತೆ. ಆ ಹೊತ್ತಲ್ಲಿ ಪರದೆಯ ಆ ಕಡೆಯಿಂದ ಅವರ ಮಾತು ಸ್ಪಷ್ಟವಾಗಿ ಕೇಳಿಸಿತು: "ಸ್ವಲ್ಪ ಲೂಸ್ ಆಗಿದೆ, ಪರವಾಗಿಲ್ಲ, ಹಿಂಗೇ ಮುಗಿಸೋಣ."

ನನ್ನ ಆಗಸ್ಟ್ ಹದಿನೈದು ಕಣ್ಣೆದುರಿಗೆ ಬಂತು. ಬೀಗ ಹಾಕಿದ ಎರಡು ಬೀರುಗಳೂ ಬಂದವು. ತಡೆಯಲಾಗದೆ, "ಸರ್, ಪರವಾಗಿಲ್ಲ ಅನ್ಬೇಡಿ, ಟೈಮ್ ತಗೊಂಡು ಬಿಗಿ ಮಾಡಿ," ಅಂದೆ.

ಪರದೆಯ ಮೇಲಿಂದ ಎರಡು ತಲೆ ಇಣುಕಿದವು. ಆಮೇಲೆ ಡಾಕ್ಟರ್ ಸಮಾಧಾನವಾಗಿ, "ಮೇಡಂ, ನಾನು ನನ್ನ ಕನ್ನಡಕದ ವಿಷಯ ಹೇಳಿದ್ದು," ಅಂದರು.

ಕಾಲಿಗೆ ಕಾಲು

ಮನೆಗೆ ಬಂದ ಮೇಲೆ ಕಾಲಿಗೆ ತೊಡೆಯಿಂದ ಮೀನಖಂಡದವರೆಗೆ ಒಂದು ಬ್ರೇಸು. ಮಂಡಿ ಮಡಚದ ಹಾಗೆ ಅದಕ್ಕೆ ಲಾಕು. ದಿವಾನದ ಮೇಲೆ ಕಾಲು ನೀಟಿಕೊಂಡು ಕೂತವಳನ್ನು ನೋಡಲು ಬೀದಿಯೇ ಬಂತು. ಬಂದವರೆಲ್ಲರದೂ ಒಂದೇ ಮಾತು: ಈ ವಯಸ್ಸಿಗೇ ಮಂಡಿಚಿಪ್ಪು ಬದಲಾಯಿಸಿದ್ರಾ? ಬದಲಾಯಿಸಿಲ್ಲ, ಚಿಪ್ಪು ನನ್ನದೇ, ಹಿಡಿದುಕೊಳ್ಳುವ ಪಟ್ಟಿ ಮಾತ್ರ ಹೊಸದು ಅಂತ ಮೊದಲ ಹತ್ತು ಜನಕ್ಕೆ ಹೇಳಿದೆ. ಅವರು ಹೂಂ ಹೂಂ ಅಂದು, ತಮ್ಮ ಅಜ್ಜಿಗೆ ಮಂಡಿ ಬದಲಾಯಿಸಿದ ಕಥೆ ಹೇಳಿ ಹೋದರು. ಹನ್ನೊಂದನೆಯವರಿಗೆ ಹೌದು ಅಂದುಬಿಟ್ಟೆ. ಯಾವ ಕಂಪನಿದು ಅಂತ ಕೇಳಿದರು.

ಕಾಲಿಗೆ ಕಾಲೇ ಮದ್ದು ಅನ್ನುವುದು ಅತ್ತೆಯ ನಂಬಿಕೆ. ದಿನಾ ಬೆಳಿಗ್ಗೆ ಏಳಕ್ಕೆ ಒಂದು ದೊಡ್ಡ ಲೋಟ ಮೇಕೆ ಕಾಲಿನ ಸೂಪು ಬರುತ್ತಿತ್ತು. ಪಕ್ಕದ ಮನೆಯವರನ್ನು ನಾವೆಲ್ಲ ಖಾಲಾ ಅನ್ನುತ್ತೇವೆ, ಉರ್ದುವಿನಲ್ಲಿ ಚಿಕ್ಕಮ್ಮ ಅಂತ. ಅವರಿಗೆ ಅತ್ತೆಯ ಸೂಪಿನ ಮೇಲೆ ನಂಬಿಕೆ ಸಾಲದು. ಮೆಣಸು ಜಾಸ್ತಿ, ಕುದಿ ಕಮ್ಮಿ ಅಂತ ನನ್ನ ಕಿವಿಯಲ್ಲಿ ಹೇಳಿ, ಸಂಜೆಗೆ ತಮ್ಮ ಮನೆಯ ಪಾಯಾ, ಅದೂ ಕಾಲಿನ ಸೂಪೇ, ತಂದುಕೊಡುತ್ತಿದ್ದರು. ಅತ್ತೆಗೆ ಅದು ಗೊತ್ತಾಗಿ ಮಧ್ಯಾಹ್ನಕ್ಕೂ ಒಂದು ಲೋಟ ಶುರುವಾಯಿತು. ಇಬ್ಬರೂ ಎದುರಿಗೆ ನಿಂತು ಕುಡಿಸುವವರೇ, ಯಾರದು ಚೆನ್ನಾಗಿದೆ ಅಂತ ಇಬ್ಬರಿಗೂ ನನ್ನಿಂದ ಕೇಳಬೇಕು.

ಆರು ವಾರ ಇದೇ ಆಯಿತು. ಹೊಲಿಗೆ ಒಣಗಿದ್ದನ್ನು ನೋಡಿ ಡಾಕ್ಟರ್ ಕಾಲು ತುಂಬಾ ಚೆನ್ನಾಗಿದೆ ಅಂದರು. ಮನೆಗೆ ಬಂದು ಅದನ್ನು ಹೇಳಿದ್ದೇ ತಪ್ಪಾಯಿತು. ಅತ್ತೆ ಮತ್ತು ಖಾಲಾ ಒಂದು ತಿಂಗಳು ಮಾತು ಬಿಟ್ಟರು.

ಕೆಂಪು ಬಟ್ಟೆ

ಫಿಜಿಯೋಥೆರಪಿಗೆ ವಾರಕ್ಕೆ ಮೂರು ದಿನ ಸಿಂಗಾಪುರದಿಂದ ಹೆಬ್ಬಾಳಕ್ಕೆ ಆಟೋದಲ್ಲಿ ಹೋಗಬೇಕಿತ್ತು. ಲಾಕಾದ ಕಾಲನ್ನು ಆಟೋದೊಳಗೆ ಹಿಡಿಸಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಕೊನೆಗೆ ಸೀಟಿನ ಮೇಲೆ ಅಡ್ಡಡ್ಡ ಒರಗಿ ಕೂತೆ. ಪಾದ ಎಡಗಡೆಯಿಂದ ಒಂದು ಗೇಣು ಹೊರಗೆ ಚಾಚಿಕೊಂಡಿತು. ನಮ್ಮನೆಯವರು ಡ್ರೈವರ್ ಪಕ್ಕದಲ್ಲಿ ಮುದುಡಿಕೊಂಡರು.

ಆಟೋದವರು ನಮ್ಮ ರಸ್ತೆಯವರೇ, ಬಹಳ ಜವಾಬ್ದಾರಿಯ ಮನುಷ್ಯ. ಬೈಕಿನವರು ಸಂದಿಯಲ್ಲಿ ನುಗ್ತಾರೆ ಮೇಡಂ, ಕಾಲಿಗೆ ಏಟಾಗುತ್ತೆ ಅಂತ ಯೋಚಿಸಿ ಆಟೋ ನಿಲ್ಲಿಸಿದರು. ಡಿಕ್ಕಿಯಿಂದ ಒಂದು ಕೆಂಪು ಬಟ್ಟೆ ತೆಗೆದು ನನ್ನ ಪಾದಕ್ಕೆ ಕಟ್ಟಿದರು, ಕಬ್ಬಿಣದ ಸರಳು ಹೇರಿದ ಲಾರಿಯ ಹಿಂದೆ ಕಟ್ಟುತ್ತಾರಲ್ಲ, ಹಾಗೆ. ಬಿಚ್ಚಿ ಅಂದರೆ ಕೇಳಲಿಲ್ಲ. ಆ ಕೆಂಪು ಬಟ್ಟೆ ಹಾರಾಡಿಸಿಕೊಂಡು ಇಡೀ ರಸ್ತೆ ಹೋದೆ. ಬಸ್ಸಿನ ಕಿಟಕಿಗಳಿಂದ ಜನ ಬಗ್ಗಿ ನೋಡಿದರು. ನಮ್ಮ ಸ್ಕೂಲಿನ ವ್ಯಾನೂ ಪಕ್ಕದಲ್ಲೇ ಬಂತು, ಒಳಗಿಂದ ಮಕ್ಕಳು ನಮಸ್ತೇ ಮಿಸ್ ಅಂದರು.

ಹೆಬ್ಬಾಳದ ಹತ್ತಿರ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದರು. ಅವರು ಮೊದಲು ಡ್ರೈವರ್ ಪಕ್ಕ ಕೂತ ನಮ್ಮನೆಯವರನ್ನು ನೋಡಿದರು, ಆಮೇಲೆ ಕೆಂಪು ಬಟ್ಟೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಏನಪ್ಪ ಇದು ಅಂತ ಕೇಳಿದರು. ಆಟೋದವರು ಗಾಬರಿಯಲ್ಲಿ, "ಮುಂದೆ ಕೂತಿರೋದಕ್ಕೆ ಬೇಕಾದ್ರೆ ಫೈನ್ ಹಾಕಿ ಸಾರ್. ಲೋಡ್ ಮಾತ್ರ ಸರಿಯಾಗಿ ಕಟ್ಟಿದೀನಿ," ಅಂದರು.

ಒಂಬತ್ತೂವರೆ

ಫಿಜಿಯೋಥೆರಪಿ ರೂಮಿನಲ್ಲಿ ನನಗೆ ಸಿಕ್ಕಿದವಳು ನನ್ನದೇ ಹಳೆಯ ವಿದ್ಯಾರ್ಥಿನಿ. ಹತ್ತು ವರ್ಷದ ಹಿಂದೆ ಪಿ.ಟಿ. ತರಗತಿ ತಪ್ಪಿಸಿಕೊಂಡು ನೀರಿನ ಟ್ಯಾಂಕ್ ಹಿಂದೆ ಕೂರುತ್ತಿದ್ದಳು. ಸಿಕ್ಕಾಗಲೆಲ್ಲ ನಾನು ಬಸ್ಕಿ ಹೊಡೆಸುತ್ತಿದ್ದೆ. ನನ್ನನ್ನು ನೋಡಿ ಅವಳಿಗೆ ಆದ ಸಂತೋಷ ನೋಡಿದರೆ ಯಾರಿಗಾದರೂ ಭಯವಾಗಬೇಕು.

ಮೊದಲ ಕೆಲಸ ತೊಡೆಯ ಮುಂಭಾಗ ಬಿಗಿ ಮಾಡುವುದು. ಆಪರೇಷನ್ ಆದ ಮೇಲೆ ಆ ಸ್ನಾಯು ನಿದ್ದೆ ಹೋಗಿರುತ್ತಂತೆ. ನಾನು ಶಕ್ತಿಯೆಲ್ಲ ಹಾಕಿ ಬಿಗಿ ಮಾಡಿದೆ. ಅವಳು ತೊಡೆ ಮುಟ್ಟಿ ನೋಡಿ, ಮುಖ ಬಿಗಿಯಾಗಿದೆ ಮಿಸ್, ತೊಡೆ ಇನ್ನೂ ಇಲ್ಲ ಅಂದಳು. ಆಮೇಲೆ ಮಂಡಿ ಮಡಚುವುದು. ಅಳೆಯುವ ಪಟ್ಟಿ ಇಟ್ಟು ನಲವತ್ತು ಡಿಗ್ರಿ, ಐವತ್ತು ಡಿಗ್ರಿ ಅನ್ನುತ್ತಿದ್ದಳು. ತೊಂಬತ್ತು ಆಗಲೇಬೇಕು. ಒಂದು ದಿನ ಅರವತ್ತೈದಕ್ಕೆ ನಿಂತುಬಿಟ್ಟಿತು. ಮಂಡಿ ಮಡಚಿದರೆ ಚಿಪ್ಪು ಕಿತ್ತುಬರುತ್ತದೆ ಅನ್ನುವ ಹೆದರಿಕೆ ನನಗೆ. ಮಂಚದ ಮೇಲೆ ಕೂತು ಕಣ್ಣೀರು ಹಾಕಿಬಿಟ್ಟೆ. ಅವಳು ನಗಲಿಲ್ಲ. ಪಕ್ಕದಲ್ಲಿ ಕೂತು, "ಅದು ಹೋಗಲ್ಲ ಮಿಸ್. ಒಳಗೆ ಕಟ್ಟಿರೋದು ನಿಮ್ಮದೇ ಹುರಿ, ನಿಮ್ಮ ಹಾಗೇ ಗಟ್ಟಿ," ಅಂದಳು. ಆ ಮಾತಿಗೆ ಮನಸ್ಸು ಕರಗಿ, ನೀನು ಹೇಳಿದಷ್ಟು ಮಾಡ್ತೀನಿ ಕಣೆ ಅಂದುಬಿಟ್ಟೆ.

ಅಷ್ಟು ಸಾಕಾಯಿತು ಅವಳಿಗೆ. ಹತ್ತು ಸಲ ಮಿಸ್ ಅಂತ ಶುರುಮಾಡಿದಳು. ಎಂಟು, ಒಂಬತ್ತು ಅಂದವಳು ಹತ್ತು ಅನ್ನಲಿಲ್ಲ. ಒಂಬತ್ತೂಕಾಲು ಅಂದಳು. ಒಂಬತ್ತೂವರೆ ಅಂದಳು. ಒಂಬತ್ತೂಮುಕ್ಕಾಲು ಅಂದು, ಸರಿಯಾಗಿ ಆಗಲಿಲ್ಲ, ಮತ್ತೆ ಒಂಬತ್ತರಿಂದ ಅಂದಳು. ಬೆವರು ಒರೆಸಿಕೊಂಡು, ಇದೆಂಥ ಲೆಕ್ಕ, ನಿನಗೆ ಯಾವ ಪುಣ್ಯಾತ್ಮರು ಕಲಿಸಿದ್ದು ಅಂತ ಕೇಳಿದೆ.

"ನೀವೇ ಮಿಸ್, ಟ್ಯಾಂಕ್ ಹಿಂದೆ," ಅಂದಳು.

ಮುಖ ನೋಡಿ

ಆಗಸ್ಟ್ ಮೊದಲ ವಾರ. ಅವತ್ತು ಡಾಕ್ಟರ್ ಲೆಟರ್ ಕೊಟ್ಟರೆ ಗ್ರೌಂಡು, ಕೊಡದಿದ್ದರೆ ಬೀರು. ಮಂಡಿ ಪೂರ್ತಿ ಮಡಚುತ್ತಿತ್ತು, ಮೆಟ್ಟಿಲು ಹತ್ತುತ್ತಿದ್ದೆ, ಮೆಲ್ಲಗೆ ಓಡಲೂ ಶುರುಮಾಡಿದ್ದೆ. ಆದರೂ ಹಿಂದಿನ ದಿನ ಪೂರ್ತಿ ಊಟ ಸೇರಲಿಲ್ಲ. ಅತ್ತೆ ಯಾರೂ ಕರೆಯದೆಯೇ ಸೀರೆ ಬದಲಿಸಿಕೊಂಡು ಆಟೋದಲ್ಲಿ ಕೂತಿದ್ದರು.

ಡಾಕ್ಟರ್ ಜೊತೆ ಅವತ್ತು ಆರೇಳು ಜನ ಕಲಿಯುವ ಡಾಕ್ಟರುಗಳಿದ್ದರು. ನನ್ನನ್ನು ಮಂಚದ ಮೇಲೆ ಮಲಗಿಸಿ ಎಲ್ಲರೂ ಸುತ್ತ ನಿಂತರು. ಅತ್ತೆ ಅವರ ನಡುವೆ ಮೊಣಕೈಯಲ್ಲಿ ಜಾಗ ಮಾಡಿಕೊಂಡು ನನ್ನ ಮಂಡಿಯ ಪಕ್ಕಕ್ಕೇ ಬಂದು ನಿಂತರು. ಡಾಕ್ಟರ್ ಕಲಿಯುವವರಿಗೆ ಒಂದು ಪರೀಕ್ಷೆಯ ವಿಷಯ ಹೇಳಿದರು. ಮಂಡಿ ಸ್ವಲ್ಪ ಮಡಚಿ, ಚಿಪ್ಪನ್ನು ಹೆಬ್ಬೆರಳಿನಿಂದ ಹೊರಗಡೆಗೆ ಒತ್ತಬೇಕು. ಲಿಗಮೆಂಟು ಸರಿಯಿಲ್ಲದವರಿಗೆ ಚಿಪ್ಪು ಹೋಗಿಯೇಬಿಟ್ಟಿತು ಅನ್ನಿಸಿ ಮುಖ ಬಿಳಿಚಿಕೊಳ್ಳುತ್ತೆ, ತಟ್ಟನೆ ಡಾಕ್ಟರ ಕೈ ಹಿಡಿದುಬಿಡ್ತಾರೆ. ಹಾಗೆ ಹಿಡಿದರೆ ಪಾಸಿಟಿವ್, ಅಂದರೆ ಇನ್ನೂ ಸರಿಹೋಗಿಲ್ಲ. "ಅದಕ್ಕೇ ಮಂಡಿ ನೋಡಬೇಡಿ, ಮುಖ ನೋಡಿ. ಕೈ ಎಲ್ಲಿ ಹೋಗುತ್ತೆ ನೋಡಿ," ಅಂದರು.

ಎಲ್ಲರೂ ನನ್ನ ಮುಖ ನೋಡಿದರು. ಡಾಕ್ಟರ್ ಒತ್ತಿದರು. ನಾನು ಉಸಿರು ಹಿಡಿದು ಕಾದೆ. ಅಷ್ಟು ವರ್ಷ ಒಂದು ತಿರುವಿಗೇ ಹೊರಗೆ ಓಡುತ್ತಿದ್ದ ಚಿಪ್ಪು ಈ ಸಲ ಓಡಲಿಲ್ಲ. ಚಿಪ್ಪು ಒಂದು ಚೂರು ಹೋಗಿ ನಿಂತಿತು, ಒಳಗಿಂದ ಯಾರೋ ಗಟ್ಟಿಯಾಗಿ ಹಿಡಿದುಕೊಂಡ ಹಾಗೆ. ಡಾಕ್ಟರ್ ಇನ್ನೂ ಒತ್ತಿದರು. ನನ್ನ ಎರಡು ಕೈಯೂ ಎದೆಯ ಮೇಲೆ ಹಾಗೇ ಇದ್ದವು. ಕಣ್ಣಲ್ಲಿ ನೀರು ಬಂತು, ನೋವಿಗಲ್ಲ.

ಆದರೆ ಡಾಕ್ಟರ್ ಕೈ ಮೇಲೆ ಒಂದು ಕೈ ಬಂದು ಬಿಗಿಯಾಗಿ ಕೂತಿತ್ತು. ಬಳೆಗಳಿದ್ದ ಕೈ. ಅತ್ತೆಯ ಮುಖ ಬಿಳಿಚಿಕೊಂಡು ಸುಣ್ಣವಾಗಿತ್ತು.

ಡಾಕ್ಟರ್ ತಿರುಗಿ, ಏನು ಕಂಡಿತು ಹೇಳಿ ಅಂತ ಕಲಿಯುವವರನ್ನು ಕೇಳಿದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಕನ್ನಡಕದ ಹುಡುಗಿಯೊಬ್ಬಳು, "ಪೇಶೆಂಟ್‌ಗೆ ನೆಗೆಟಿವ್ ಸರ್. ಅಜ್ಜಿಗೆ ಪಾಸಿಟಿವ್," ಅಂದಳು.

ಡಾಕ್ಟರ್ ನಗು ತಡೆದುಕೊಂಡು, ಮಂಡಿ ಗಟ್ಟಿಯಾಗಿದೆ, ಸೊಸೆಗೆ ಲೆಟರ್ ಬರೆದುಕೊಡ್ತೀನಿ, ಸ್ವಲ್ಪ ಕೈ ಬಿಡಿ ಅಜ್ಜಿ ಅಂದರು. ಅತ್ತೆ ಬಿಡಲಿಲ್ಲ. ಡಾಕ್ಟರ ಹೆಬ್ಬೆರಳನ್ನೇ ನೋಡುತ್ತಾ ಅಂದರು:

"ಮೊದ್ಲು ನೀನು ಬಿಡಪ್ಪ. ಆಮೇಕೆ ನಾನು ಬಿಡ್ತೀನಿ."